ಪಕ್ಕದ ಸೀಟಿನವನು

ಭಾನುವಾರ, ಹನ್ನೆರಡನೇ ತಾರೀಕು
ಹೊಲಿಗೆ ಕೋಣೆಯಿಂದ

ನನ್ನ ಮುದ್ದಿನ ಮೊಂಡು ಮಗಳಿಗೆ,

ಆಶೀರ್ವಾದಗಳು. ನಾವು ಮೂವರೂ ಉಂಡುಟ್ಟುಕೊಂಡು ಸುಖವಾಗಿದ್ದೇವೆ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಅಂತ ನಂಬಬೇಕು ಅಂದುಕೊಂಡಿದ್ದೇನೆ, ನಂಬಿಕೆ ಬರುತ್ತಿಲ್ಲ. ನಿನ್ನ ಕಾಗದ ಬಂದು ಎರಡು ವಾರದ ಮೇಲಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಆಸ್ಪತ್ರೆಯವರು ವಾರ್ಡಿನ ಪರದೆಗಳನ್ನೆಲ್ಲ ಒಟ್ಟಿಗೇ ತಂದು ಸುರಿದು, ಅಂಚು ಮಡಿಸಿ ಹೊಲಿದುಕೊಡಿ ಅಂದರು. ಹಸಿರು ಬಟ್ಟೆ ನೋಡಿ ನೋಡಿ ಕಣ್ಣು ಮುಚ್ಚಿದರೂ ಹಸಿರೇ ಕಾಣುತ್ತಿತ್ತು. ನಿನ್ನೆ ಸಂಜೆ ಕೊನೆಯದನ್ನು ಕಳಿಸಿ ಕೈ ತೊಳೆದುಕೊಂಡೆ. ಇವತ್ತು ಊಟವಾದ ಮೇಲೆ ನಿನ್ನ ಗಂಡ, ಮಗಳು ಚೂಟಿ ಇಬ್ಬರೂ ಪಾರ್ಕಿಗೆ ಹೋಗಿದ್ದಾರೆ. ಮಿಷನ್ನಿನ ಮೇಲೆಯೇ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಬಯ್ಯುತ್ತೇನೆ, ಅಷ್ಟರಲ್ಲಿ ನಿನ್ನ ಕ್ರೇನಿನ ಮೇಷ್ಟ್ರು ಸೀಟಿ ಊದುತ್ತಾರೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ, ಅದೊಂದು ಅನುಕೂಲ.

ವಿಷಯಕ್ಕೆ ಬರುತ್ತೇನೆ. 'ತರಬೇತಿ ಬಿಟ್ಟು ಬಂದುಬಿಡ್ತೀನಿ, ನಾನು ಜೊತೇಲಿ ಇಲ್ಲದ್ದಕ್ಕೇ ಚೂಟಿಗೆ ಹೀಗಾಯ್ತು' ಅಂತ ಬರೆದಿದ್ದೀಯ. ಬಂದರಿನಲ್ಲಿ ಅಷ್ಟೆತ್ತರದ ಕ್ರೇನು ನಡೆಸುವುದಕ್ಕೆ ಅಷ್ಟೊಂದು ಗಂಡಸರ ನಡುವೆ ಆಯ್ಕೆಯಾದವಳು ನೀನು. ಪರೀಕ್ಷೆಗೆ ಇನ್ನು ಎರಡು ತಿಂಗಳೂ ಇಲ್ಲ. ಈಗ ಬಿಟ್ಟರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ ಅಂತ ನೀನೇ ಹೇಳಿದ್ದೆ. ಆದ್ದರಿಂದ ಗಂಟುಮೂಟೆ ಕಟ್ಟುವ ಮೊದಲು ಇದನ್ನು ಪೂರ್ತಿ ಓದು. ಓದಿದ ಮೇಲೂ ಬರಬೇಕು ಅನಿಸಿದರೆ ಬಾ, ಬಾಗಿಲು ಹಾಕಿಕೊಳ್ಳುವವಳಲ್ಲ ನಾನು. ವಿಷಯ ಕಕ್ಕದ್ದು, ಮೂಗು ಮುಚ್ಚಿಕೊಳ್ಳದೆ ಓದಬೇಕು.

ಇದು ನೀನು ಹೋದದ್ದರಿಂದ ಆದದ್ದಲ್ಲ ಕಣೇ. ನೀನು ಇಲ್ಲೇ ಇದ್ದಾಗ ಶುರುವಾದದ್ದು. ಮಗುವಿಗೆ ಜ್ವರ ಬಂದು ವಾರವೆಲ್ಲ ಊಟ ಬಿಟ್ಟು, ನೀರನ್ನೂ ಉಗುಳುತ್ತಾ ಮಲಗಿತ್ತಲ್ಲ? ಆಮೇಲೆ ಒಂದು ದಿನ ಕಲ್ಲಿನ ಹಾಗೆ ಗಟ್ಟಿಯಾಗಿ ಹೋಗಿ, ಚೂರು ರಕ್ತ ಬಂದು, ಮನೆ ಹಾರಿಹೋಗುವ ಹಾಗೆ ಕಿರುಚಿದಳಲ್ಲ? ನಾವು ಎಣ್ಣೆ ಸವರಿ, ಮುದ್ದು ಮಾಡಿ, ಮರೆತುಬಿಟ್ಟೆವು. ಅವಳು ಮರೆಯಲಿಲ್ಲ. ಅಲ್ಲಿಂದ ಮುಂದೆ ಕಕ್ಕ ಬಂತು ಅಂದರೆ ಪರದೆ ಹಿಂದೆ ಓಡುವುದು, ಕಾಲು ಕತ್ತರಿ ಹಾಕಿಕೊಂಡು ತುದಿಬೆರಳಲ್ಲಿ ನಿಲ್ಲುವುದು, ಮುಖ ಟೊಮೆಟೊ ಮಾಡಿಕೊಳ್ಳುವುದು. ನಾವು 'ಪಾಪ, ತಿಣುಕ್ತಾ ಇದೆ ಮಗು' ಅಂದುಕೊಂಡೆವು. ಅವಳು ತಿಣುಕುತ್ತಿರಲಿಲ್ಲ, ಬಿಗಿಹಿಡಿದು ತಡೆಯುತ್ತಿದ್ದಳು. ತಡೆದಷ್ಟೂ ಒಳಗೆ ಗಟ್ಟಿಯಾಗುತ್ತಿತ್ತು, ಗಟ್ಟಿಯಾದಷ್ಟೂ ನೋವು, ನೋವಾದಷ್ಟೂ ಇನ್ನೂ ತಡೆಯುವುದು.

ನೀನು ಹೊರಟ ಮೇಲೆ ಚಡ್ಡಿಯಲ್ಲಿ ಕಲೆ ಕಾಣಿಸಿತು. ತೆಳ್ಳಗೆ, ನೀರುನೀರಾಗಿ, ದಿನಕ್ಕೆ ಎಷ್ಟೋ ಸಲ. ಭೇದಿ ಅಂತ ಮನೆಯಲ್ಲಿ ತೀರ್ಮಾನವಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಹಣ್ಣು ನಿಂತಿತು, ತರಕಾರಿ ನಿಂತಿತು, ಬರೀ ಬ್ರೆಡ್ಡು, ಬರೀ ಗಂಜಿ. ಕಲೆ ಮಾತ್ರ ನಿಲ್ಲಲಿಲ್ಲ. ಶಿಶುವಿಹಾರದ ಟೀಚರು 'ಇಷ್ಟು ದೊಡ್ಡೋಳಾಗಿ ಚಡ್ಡೀಲಿ ಮಾಡ್ಕೊಳ್ತಾಳಲ್ಲ' ಅಂತ ಎಲ್ಲರ ಎದುರಿಗೇ ಅಂದರಂತೆ. ಮಹಡಿಯಾಕೆ ಮೆಟ್ಟಿಲ ಮೇಲೆ ನಿಂತು 'ಎರಡು ಬಿಗೀರಿ, ತಾನೇ ಸರಿಹೋಗುತ್ತೆ' ಅಂದಳು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿಗೆ ಯಾವ ಊರಲ್ಲಿ ಬರ?

ಈಗ ನಿನ್ನ ಗಂಡನ ವಿಷಯ. ಅಳಿಯ ಅಲ್ಲ, ಮಗಳ ಗಂಡ. ಹೇಗೆ ಕರೆದರೂ ನನಗೆ ಅವನು ಅಷ್ಟಕ್ಕಷ್ಟೇ ಅಂತ ನಿನಗೆ ಗೊತ್ತು. ಎದುರಿಗೆ 'ನೀವು', ಹಿಂದಿನಿಂದ 'ಅವನು'. ನೂರು ಮಾತಾಡಿದರೆ ಒಂದು 'ಹೂಂ' ಅನ್ನುವ ಆಸಾಮಿ. ಡ್ರೈವಿಂಗ್ ಸ್ಕೂಲಿನಲ್ಲಿ ಊರವರಿಗೆಲ್ಲ ಗಾಡಿ ಕಲಿಸುವವನಿಗೆ ಮನೆಯೊಳಗೆ ಬಂದರೆ ಗೇರೇ ಬೀಳುವುದಿಲ್ಲ ಅಂತ ನಾನೇ ಆಡಿಕೊಂಡದ್ದಿದೆ. ಇಂಥವನ ಕೈಗೆ ಮಗು ಬಿಟ್ಟು ಹೋಗುತ್ತಾಳಲ್ಲ ಅಂತ ನಾನು ಇಲ್ಲಿಗೆ ಬಂದದ್ದೇ ಕಾವಲಿಗೆ. ಕಾವಲಿಗೆ ಬಂದವಳು ಈಗ ಅವನ ಗುಣಗಾನ ಬರೆಯುತ್ತಾ ಕೂತಿದ್ದೇನೆ. ನಗು, ನಗು, ನಿನ್ನ ಕಾಲ.

ಚೂಟಿಯನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ಅವನೇ. ನಾನೂ ಹೋಗಿದ್ದೆ, ಬಾಯಿ ಸುಮ್ಮನಿರಬೇಕಲ್ಲ. ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಮಾತು ಖಾರ, ಕೈ ಮಾತ್ರ ಹತ್ತಿಯ ಹಾಗೆ. ಮಗುವಿನ ಹೊಟ್ಟೆ ಮೆಲ್ಲಗೆ ಒತ್ತಿ ನೋಡಿ, 'ಇದು ಭೇದಿ ಅಲ್ಲ' ಅಂದರು. 'ಒಳಗೆ ಗಟ್ಟಿಯಾಗಿ ತುಂಬ್ಕೊಂಡು ಕೂತಿದೆ. ಅದರ ಪಕ್ಕದಿಂದ ತೆಳ್ಳಗಿರೋದು ಸೋರ್ತಾ ಇದೆ. ಸೋರೋದು ಮಗುಗೆ ಗೊತ್ತೂ ಆಗಲ್ಲ. ಬೈಯೋದ್ರಿಂದ ಏನೂ ಪ್ರಯೋಜನ ಇಲ್ಲ.'

'ಹಠ ಜಾಸ್ತಿ ಡಾಕ್ಟ್ರೇ ಇವಳಿಗೆ' ಅಂದೆ ನಾನು.

'ಹಠ ಅಲ್ಲಮ್ಮ, ಹೆದರಿಕೆ. ಒಲೆ ಮುಟ್ಟಿ ಸುಟ್ಕೊಂಡ ಕೈನ ನೀವು ಮತ್ತೆ ಒಲೆ ಹತ್ರ ತಗೊಂಡು ಹೋಗ್ತೀರಾ?'

ನಿನ್ನ ಗಂಡ, ಮನೆಯಲ್ಲಿ ಬಾಯಿ ಬಿಡದವನು, ಒಂದೊಂದಾಗಿ ಕೇಳಿದ. ಯಾವ ಔಷಧಿ, ಹೇಗೆ ಕೊಡಬೇಕು, ಎಲ್ಲಿಯವರೆಗೆ, ತಪ್ಪಿದರೆ ಏನು. ಒಂದು ಪುಡಿ ಬರೆದುಕೊಟ್ಟರು, ನೀರಿನಲ್ಲಿ ಕಲಸಿ ಕುಡಿಸುವಂಥದ್ದು. ಅದು ಒಳಗಿರುವುದಕ್ಕೆ ನೀರು ಹಿಡಿದಿಟ್ಟು ಮೆತ್ತಗೆ ಮಾಡುತ್ತದಂತೆ. ಮೊದಲು ಕೆಲವು ದಿನ ಡಾಕ್ಟರು ಹೇಳಿದ ಹಾಗೆ ಹೆಚ್ಚಿಗೆ ಕೊಟ್ಟು ತುಂಬಿರುವುದನ್ನೆಲ್ಲ ಖಾಲಿ ಮಾಡಿಸುವುದು, ಆಮೇಲೆ ದಿನವೂ ಸ್ವಲ್ಪ ಸ್ವಲ್ಪ, ತಿಂಗಳುಗಟ್ಟಲೆ. 'ಕಲೆ ನಿಂತ ಕೂಡ್ಲೇ ಪುಡಿ ನಿಲ್ಲಿಸಿಬಿಡ್ತಾರೆ. ನಾಲ್ಕು ವಾರ ಬಿಟ್ಟು ಅಳ್ತಾ ವಾಪಸ್ ಬರೋರು ಅವರೇ. ನನ್ನನ್ನ ಕೇಳದೆ ನಿಲ್ಲಿಸ್ಬೇಡಿ' ಅಂದರು. ತಿಂಗಳುಗಟ್ಟಲೆ ತಡೆದು ತಡೆದು ಕರುಳು ಸಡಿಲವಾಗಿರುತ್ತದಂತೆ, ಹಳೇ ಪ್ಯಾಂಟಿನ ಎಲಾಸ್ಟಿಕ್ಕಿನ ಹಾಗೆ. ನಮ್ಮ ಎಲಾಸ್ಟಿಕ್ಕು ಸಡಿಲವಾದರೆ ಕಿತ್ತು ಬಿಸಾಡುತ್ತೇನೆ. ಮಗುವಿನ ಕರುಳು ಹಾಗಲ್ಲ, ಸಮಯ ಕೊಟ್ಟರೆ ತಾನೇ ಮತ್ತೆ ಬಿಗಿಯಾಗುತ್ತದೆ.

ಖಾಲಿ ಮಾಡಿಸುವ ಆ ದಿನಗಳ ಕಥೆ ಕೇಳಬೇಡ. ಅವನು ಕೆಲಸಕ್ಕೆ ರಜಾ ಹಾಕಿದ. ಮನೆಯ ಹಳೇ ಬೆಡ್‌ಶೀಟುಗಳೆಲ್ಲ ತುಂಡಾದವು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವನಿಗೆ ಮೊಣಕೈವರೆಗೆ ಬರೀ ಕೆಸರೇ. ಒಂದು ಸಲವಾದರೂ ಮುಖ ಕಿವುಚಲಿ ಅಂತ ನಾನು ಕಾದು ನೋಡಿದೆ, ಕಿವುಚಲಿಲ್ಲ. ಹಿತ್ತಲಲ್ಲಿ ಚಡ್ಡಿ ಹಿಂಡಿ ಒಣಗಿಸುತ್ತಿದ್ದಾಗ ಮಹಡಿಯಾಕೆ ಮೇಲಿಂದ ಬಗ್ಗಿ ನನಗೆ ಕೇಳುವ ಹಾಗೆ, 'ಹೆಂಡ್ತಿ ಅಲ್ಲಿ ಕ್ರೇನಲ್ಲಿ ಸಾಮಾನು ಎತ್ತುತಾಳೆ, ಗಂಡ ಇಲ್ಲಿ ಚಡ್ಡಿ ಎತ್ತುತಾನೆ, ಒಳ್ಳೇ ಮನೆ!' ಅಂದಳು.

'ನಮ್ಮನೇಲಿ ಎಲ್ಲರೂ ಏನಾದ್ರೂ ಎತ್ತೋರೇ ಕಣ್ರೀ. ನಿಮ್ಮ ಯಜಮಾನ್ರು ಉಂಡ ತಟ್ಟೆನಾದ್ರೂ ಎತ್ತಿದ್ದು ಇದೆಯಾ?' ಅಂದೆ. ಕಿಟಕಿ ಧಡಾರನೆ ಮುಚ್ಚಿತು. ಅವನು ಬಟ್ಟೆಯ ಹಿಂದೆ ನಗುತ್ತಿದ್ದದ್ದು ನನಗೆ ಕಂಡಿತು.

ಆಮೇಲೆ ಒಂದು ತಪ್ಪು ಮಾಡಿದ. ಗಾಡಿ ಕಲಿಸುವವನು ಮಾತ್ರ ಮಾಡಬಲ್ಲ ತಪ್ಪು ಅದು. ಹೊಟ್ಟೆ ಖಾಲಿಯಾಯಿತು, ಪುಡಿ ಹೊಟ್ಟೆಗೆ ಹೋಗುತ್ತಿದೆ, ಇನ್ನು ಕಮೋಡಿನ ಮೇಲೆ ಕೂರಿಸುವುದಷ್ಟೇ ಬಾಕಿ ಅಂತ ಒಂದು ರಟ್ಟಿನ ಮೇಲೆ ಚೂಟಿಯ ಹೆಸರಿನಲ್ಲಿ ಲೈಸೆನ್ಸ್ ಬರೆದ. ಅವಳ ಫೋಟೋ ಅಂಟಿಸಿದ. ದಿನವೂ ಕಕ್ಕ ಮಾಡಿದರೆ ಒಂದು ನಕ್ಷತ್ರ, ಇಲ್ಲದಿದ್ದರೆ ಖಾಲಿ ಮನೆ. ಮಗು ಮೊದಲ ದಿನ ಕುಣಿಯಿತು. ಖಾಲಿ ಮನೆಗಳು ಸಾಲಾಗಿ ಕೂತ ಮೇಲೆ ರಟ್ಟು ಕಂಡರೆ ಮಂಚದ ಕೆಳಗೆ ನುಗ್ಗತೊಡಗಿತು. 'ನಾನು ಫೇಲು, ನಾನು ಫೇಲು' ಅಂತ ಅಳು. ಮತ್ತೆ ತಡೆಯುವುದು ಶುರು.

ಅವತ್ತು ಸಂಜೆ ಅವನು ಮಂಚದ ಪಕ್ಕ ನೆಲದ ಮೇಲೆ ಮಲಗಿಕೊಂಡು, ತಲೆ ಮಂಚದಡಿಗೆ ತೂರಿಸಿ ಹೇಳಿದ ಮಾತು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. 'ತಪ್ಪು ನಂದು ಕಣೋ ಬಂಗಾರಿ. ನಾನು ಪಾಠನೇ ಹೇಳ್ಕೊಡದೆ ಪರೀಕ್ಷೆ ಇಟ್ಬಿಟ್ಟೆ. ಅಂಥ ಮೇಷ್ಟ್ರನ್ನ ಏನ್ಮಾಡಬೇಕು ಹೇಳು?' ಒಳಗಿನಿಂದ ಸಣ್ಣ ದನಿ ಬಂತು: 'ಮೂಲೇಲಿ ನಿಲ್ಲಿಸ್ಬೇಕು.' ಹೋಗಿ ನಿಂತ. ಆರಡಿ ಗಂಡಸು, ಗೋಡೆಗೆ ಮುಖ ಮಾಡಿಕೊಂಡು, ಅವಳು ಸಾಕು ಅನ್ನುವವರೆಗೆ. ನನ್ನ ಜೀವಮಾನದಲ್ಲಿ ಮಗುವಿನ ಎದುರು ತಪ್ಪು ನಂದು ಅಂದ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು ಕಣೇ. ನಿನ್ನ ಅಪ್ಪ, ಪುಣ್ಯಾತ್ಮ, ದೇವರ ಎದುರೂ ಅಂದವರಲ್ಲ.

ರಟ್ಟು ಹರಿದು ಬಿಸಾಡಿದ. 'ಅತ್ತೆ, ಹೊಸಬರಿಗೆ ಮೊದಲ ದಿನ ನಾನು ಗಾಡಿ ಸ್ಟಾರ್ಟೇ ಮಾಡ್ಸಲ್ಲ. ಕೂತ್ಕೊಳ್ಳಿ, ಕನ್ನಡಿ ಸರಿ ಮಾಡ್ಕೊಳ್ಳಿ, ಇಳೀರಿ ಅಂತೀನಿ ಅಷ್ಟೆ. ಭಯ ಇರೋದು ಓಡಿಸೋದ್ರಲ್ಲಿ ಅಲ್ಲ, ಆ ಸೀಟಲ್ಲಿ ಕೂರೋದ್ರಲ್ಲಿ' ಅಂದ. ಇಷ್ಟುದ್ದ ಅವನು ನನ್ನ ಹತ್ತಿರ ಮಾತಾಡಿದ್ದು ಮದುವೆಯಾದ ಮೇಲೆ ಇದೇ ಅನಿಸುತ್ತದೆ.

ಹಾಗೆಯೇ ಮಾಡಿದ. ಮೊದಲು ಮುಚ್ಚಳ ಹಾಕಿದ ಕಮೋಡಿನ ಮೇಲೆ ಬಟ್ಟೆ ಸಮೇತ ಕೂರುವುದು, ಹಾಡು ಹೇಳುವುದು, ಇಳಿಯುವುದು. ಆಮೇಲೆ ಮುಚ್ಚಳ ತೆಗೆದು. ಆಮೇಲೆ ಚಡ್ಡಿ ಜಾರಿಸಿ. ದೊಡ್ಡವರ ಸೀಟಿನ ತೂತಿನೊಳಗೆ ಬಿದ್ದುಹೋಗುತ್ತೇನೆ ಅನ್ನುವ ಭಯಕ್ಕೆ ಮಕ್ಕಳ ಸಣ್ಣ ಸೀಟು ತಂದಿಟ್ಟ. ಕಾಲು ಗಾಳಿಯಲ್ಲಿ ತೂಗಾಡಬಾರದು, ಮಂಡಿ ಮೇಲೆ ಬರಬೇಕು ಅಂತ ಡಾಕ್ಟರು ಹೇಳಿದ್ದಕ್ಕೆ ಮರದ ಪೆಟ್ಟಿಗೆ ಕುಯ್ದು ಕಾಲುಮಣೆ ಮಾಡಿದ, ನಾನು ಅದಕ್ಕೆ ಮೆತ್ತೆ ಹೊಲಿದೆ. ಬೆಳಗಿನ ತಿಂಡಿಯಾದ ಮೇಲೆ, ರಾತ್ರಿ ಊಟವಾದ ಮೇಲೆ, ಹೊಟ್ಟೆ ತಾನಾಗಿ ಕದಲುವ ಹೊತ್ತಿಗೆ, ಅವಳು ಅಲ್ಲಿ, ಪಕ್ಕದಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಇವನು. ಸೋಪಿನ ಗುಳ್ಳೆ ಊದಿಸುತ್ತಾನೆ. ಊದಿದರೆ ಹೊಟ್ಟೆ ತಾನೇ ಕೆಳಕ್ಕೆ ಒತ್ತುತ್ತದಂತೆ. ಸ್ವಲ್ಪ ಹೊತ್ತು ನೋಡುವುದು. 'ಬಂದ್ರೆ ಬರ್ಲಿ, ಬರ್ದಿದ್ರೆ ಇಳಿ, ಇವತ್ತಿನ ಪಾಠ ಮುಗೀತು' ಅಂತ ಕೂತದ್ದಕ್ಕೇ ಒಂದು ನಕ್ಷತ್ರ. ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ.

ನಡುವೆ ಶಿಶುವಿಹಾರಕ್ಕೂ ಹೋಗಿ ಬಂದ. ಜಗಳವಾಡುತ್ತಾನೆ ಅಂದುಕೊಂಡಿದ್ದೆ, ನಾನಾಗಿದ್ದರೆ ಆಡುತ್ತಿದ್ದೆ. ಡಾಕ್ಟರು ಹೇಳಿದ್ದನ್ನು ಟೀಚರಿಗೆ ನಿಧಾನವಾಗಿ ಹೇಳಿ, ಒಂದು ಜೊತೆ ಬಟ್ಟೆ ಚೀಲದಲ್ಲಿಟ್ಟು ಬಂದ. ಈಗ ಚೂಟಿ ಕೈ ಎತ್ತಿದರೆ ಆ ಟೀಚರೇ ಎದ್ದು ಬಾತ್‌ರೂಮಿಗೆ ಕರೆದುಕೊಂಡು ಹೋಗುತ್ತಾರೆ. ಒಳ್ಳೆಯ ಹೆಂಗಸೇ, ಪಾಪ, ಗೊತ್ತಿರಲಿಲ್ಲ.

ನನಗೆ ತಾಳ್ಮೆ ಇಲ್ಲ ಅಂತ ನಿನಗೆ ಹೊಸದಾಗಿ ಹೇಳಬೇಕೆ? ವಾರಗಳು ಕಳೆದವು, ಕಕ್ಕ ಒಂದು ದಿನ ಬಂದರೆ ಎರಡು ದಿನ ಇಲ್ಲ. 'ಎಲ್ಲೀವರೆಗೆ ಈ ನಾಟಕ? ಸ್ವಲ್ಪ ಗದರಿಸಿ ನೋಡಿ' ಅಂತ ಒಂದು ದಿನ ಅಂದೇಬಿಟ್ಟೆ. ಅವನು ಗುಳ್ಳೆಯ ಡಬ್ಬಿ ತೊಳೆಯುತ್ತಾ, 'ಅತ್ತೆ, ಕಲಿಸೋ ಗಾಡೀಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ. ಕಲಿಯೋರು ಹೆದರಿದಾಗ್ಲೆಲ್ಲ ನಾನು ತುಳೀಬಹುದು. ತುಳಿದ್ರೆ ಗಾಡಿ ನಿಲ್ಲುತ್ತೆ, ಅವರು ಮಾತ್ರ ಕಲಿಯಲ್ಲ' ಅಂದ. ತಾಳಿದವನು ಬಾಳಿಯಾನು ಅಂತ ನಾನು ನಿನಗೆ ಸಾವಿರ ಸಲ ಹೇಳಿದ್ದೇನೆ. ಹೇಳಿದವಳು ನಾನು, ತಾಳಿದವನು ಅವನು.

ಒಂದು ದಿನ ತಿಂಡಿಯಾದ ಮೇಲೆ ಬಾತ್‌ರೂಮಿನಲ್ಲಿ ಹಾಡು ನಿಂತಿತು. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿದೆ. ಆಮೇಲೆ ಚೂಟಿ ಚಡ್ಡಿಯಿಲ್ಲದೆ ದಡದಡ ಓಡಿಬಂದು ನನ್ನ ಮೊಣಕಾಲು ಹಿಡಿದುಕೊಂಡು, 'ಅಜ್ಜೀ, ನೋವೇ ಆಗ್ಲಿಲ್ಲ!' ಅಂದಳು. ಬಂತು ಅನ್ನಲಿಲ್ಲ, ಮಾಡಿದೆ ಅನ್ನಲಿಲ್ಲ, ನೋವಾಗಲಿಲ್ಲ ಅಂದಳು. ಎಷ್ಟು ದಿನದಿಂದ ಅದೊಂದೇ ಆ ಪುಟ್ಟ ತಲೆಯಲ್ಲಿತ್ತೋ ಏನೋ. ಮೂವರೂ ಹೋಗಿ ಕಮೋಡಿಗೆ ಬಗ್ಗಿ ನೋಡಿದೆವು. ಬಾಳೆಹಣ್ಣಿನ ಹಾಗೆ, ಮೆತ್ತಗೆ, ಲಕ್ಷಣವಾಗಿ. ಮಗು ಕೈಬೀಸಿ 'ಟಾಟಾ' ಅಂದು ನೀರು ಬಿಟ್ಟಿತು. ಸೀರೆ ಉಡದ ನನಗೆ ಸೆರಗೆಲ್ಲಿ, ಕತ್ತಿನ ಅಳತೆ ಟೇಪಿನಲ್ಲೇ ಕಣ್ಣೊರೆಸಿಕೊಂಡೆ.

ಅಲ್ಲಿಗೆ ಎಲ್ಲ ಮುಗಿಯಿತು ಅಂತಲ್ಲ. ಪುಡಿ ಇನ್ನೂ ನಡೆದಿದೆ, ಡಾಕ್ಟರು ಹೇಳುವವರೆಗೆ ನಡೆಯುತ್ತದೆ. ಹಣ್ಣು, ಬೀನ್ಸು, ನೀರು ಎಲ್ಲ ಹೊಟ್ಟೆಗೆ ಹೋಗುತ್ತಿದೆ. ಒಂದೊಂದು ದಿನ ಈಗಲೂ ಗಟ್ಟಿಯಾಗುತ್ತದೆ, ಒಂದೊಂದು ದಿನ ಪರದೆ ಹಿಂದೆ ಹೋಗುತ್ತಾಳೆ. ಆದರೆ ಚಡ್ಡಿ ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ, ಹಸಿವು ಬಂದಿದೆ, ಕೆನ್ನೆ ತುಂಬಿದೆ. ಈಗ ಹೇಳು, ನೀನು ಎಲ್ಲ ಬಿಟ್ಟು ಬಂದು ಇಲ್ಲಿ ಇದಕ್ಕಿಂತ ಹೆಚ್ಚಿನದು ಏನು ಮಾಡುತ್ತಿದ್ದೆ? ನಾನಂತೂ ಇಷ್ಟು ಮಾಡುತ್ತಿರಲಿಲ್ಲ. ನಿನ್ನನ್ನು ಬೆಳೆಸುವಾಗ ನಾನು ಕೊಟ್ಟದ್ದು ಬೆನ್ನ ಮೇಲೆ ಒಂದು ಗುದ್ದು, ಬಾಯಿಗೆ ಒಂದು ಚಮಚ ಹರಳೆಣ್ಣೆ.

ಪರೀಕ್ಷೆ ಮುಗಿಸಿಕೊಂಡು ತಲೆಯೆತ್ತಿಕೊಂಡು ಬಾ. ಆ ಎತ್ತರದಲ್ಲಿ ಕೂತಾಗ ನಿನ್ನ ಕೈ ನಡುಗದಿರಲಿ, ಕಣ್ಣು ತಪ್ಪದಿರಲಿ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ. ಒಳ್ಳೆಯ ಗಂಡ, ಒಳ್ಳೆಯ ಮಗು, ಒಳ್ಳೆಯ ಕೆಲಸ ಮೂರೂ ನಿನಗೆ ಕೊನೆಯವರೆಗೆ ದಕ್ಕಲಿ ಮಗಳೇ. ನೂರು ವರ್ಷ ಬಾಳು.

ಇಂತಿ ನಿನ್ನ,
ಬಯ್ಯುವ ಅಮ್ಮ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಹೋದ ವಾರ ಚೂಟಿಗೆ ನೆಗಡಿಯಾಗಿ ಊಟ ಸೇರದೆ ಮತ್ತೆ ಗಟ್ಟಿಯಾಯಿತು. ಕೂತಿದ್ದಾಗ ನೋವಾಯಿತು. ಅವನು ಆಗ ಹಾಲು ಇಳಿಸಲು ಅಡಿಗೆಮನೆಗೆ ಹೋಗಿದ್ದ, ಬಾಗಿಲಲ್ಲಿ ನಾನಿದ್ದೆ. ಮಗು 'ಅಪ್ಪಾ' ಅಂತ ಕೂಗಿತು. ಸುಮ್ಮನೆ ಬಾಯಿಗೆ ಬರುವ ಅಯ್ಯಪ್ಪಾ ಅಲ್ಲ, ಅವನನ್ನೇ ಕರೆದದ್ದು. ಎಡವಿ ಬಿದ್ದರೆ ಹಲ್ಲಿಲ್ಲದ ಮುದುಕರ ಬಾಯಲ್ಲೂ ಬರುವುದು 'ಅಮ್ಮಾ' ಅಂತ ಕಣೇ. ಮಗು ಅಪ್ಪಾ ಅಂದಿತು.

ಎಲ್ಲ ಸರಿಹೋದ ಮೇಲೆ ಅವನು ನನ್ನ ಮಿಷನ್ನಿನ ಹತ್ತಿರ ಬಂದು ನಿಂತ. 'ಅತ್ತೆ, ಕೇಳಿಸ್ತಾ ನಿಮಗೆ?' ಅಂದ. 'ದಿನಾ ಜೊತೆಗಿರೋರು ನೀವು, ನಿಮ್ಮನ್ನ ಕರೀದೆ ಇನ್ನಾರನ್ನ ಕರೀತಾಳೆ, ಸಂತೋಷಪಡಿ' ಅಂದೆ. ಅವನ ಕಣ್ಣು ತುಂಬಿತು. 'ಇದನ್ನ ಅವಳಿಗೆ ಬರೀಬೇಡಿ, ತಡ್ಕೊಳ್ಳಲ್ಲ' ಅಂದ. ಬರೆದೆ. ಬಿಟ್ಟು ಬಾ ಅಂತ ಅಲ್ಲ. ನಿನ್ನ ಮಗುವಿನ ವಿಷಯ ನಿನಗೊಬ್ಬಳಿಗೇ ಗೊತ್ತಿಲ್ಲದಿರುವುದು ನನಗೆ ಸರಿಕಾಣಲಿಲ್ಲ. ಏನು ಮಾಡುತ್ತೀಯೋ ನೀನೇ ತೀರ್ಮಾನಿಸು, ನಾನು ಇನ್ನು ಬಾಯಿ ಹಾಕುವುದಿಲ್ಲ.

ಮಾರನೆಯ ದಿನದಿಂದ ಅವನು ಬಕೆಟ್ಟಿನ ಮೇಲೆ ಕೂತು ಅವಳಿಗೆ ಹೊಸ ಪಾಠ ಹೇಳಿಕೊಡುತ್ತಿದ್ದಾನೆ. 'ನೋವಾದ್ರೆ ಏನಂತ ಕೂಗ್ಬೇಕು? ಅಮ್ಮಾ ಅಂತ ಕೂಗ್ಬೇಕು. ಎಲ್ಲಿ, ಹೇಳು?' ಅವಳು ಗುಳ್ಳೆ ಊದುವುದನ್ನು ನಿಲ್ಲಿಸಿ ಅವನ ಮುಖ ನೋಡುತ್ತಾಳೆ. 'ಯಾಕೆ? ನೀನು ಇಲ್ಲೇ ಇದೀಯಲ್ಲ' ಅನ್ನುತ್ತಾಳೆ.